ಎರವಲು ತಂದ ಉಪಗ್ರಹ

ಪಿಟ್ಸ್‌ಬರ್ಗ್‌ನ ಸಾರ್ವಜನಿಕ ಟಿವಿ ಡಬ್ಲ್ಯುಕ್ಯುಇಡಿಗೆ ತಿಂಗಳಿಗೆ 10 ಡಾಲರ್ ಕೊಡ್ತೀನಿ ಅಂದ್ರೆ ಇಲ್ಲಿನ ಕನ್ನಡ ಗೆಳೆಯರು ನಗ್ತಾರೆ. ‘ಯೂಟ್ಯೂಬ್ ಇರುವಾಗ ಅದನ್ನ ಯಾರು ನೋಡ್ತಾರೆ ಮಾರಾಯ?’ ಉತ್ತರ ಹೇಳೋಕೆ 1975ಕ್ಕೆ ಹೋಗಬೇಕು.

ಆ ವರ್ಷ ಆಗಸ್ಟ್ 1ರಂದು ಭಾರತದಲ್ಲಿ ‘ಸೈಟ್’ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿಗೇ ದೂರದರ್ಶನ ಬಂದದ್ದು 1981ರಲ್ಲಿ, ನೆನಪಿರಲಿ! ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ಮೂರು ಮೀಟರ್ ಅಗಲದ ಆಂಟೆನಾ, ಊರಿಗೆಲ್ಲ ಒಂದೇ ಟಿವಿ. ಬೆಳಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ. ಸೋಪು ಮಾರುವ ಕಂಪನಿ ಯಾವುದೂ ಇದಕ್ಕೆ ದುಡ್ಡು ಹಾಕ್ತಿರಲಿಲ್ಲ.

ನಮ್ಮ ಕಡೆಗೆ ಅದು ಬರಲಿಲ್ಲ. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿ; ನಮ್ಮ ನ್ಯಾಮತಿ ಇನ್ನೂ ತಾಲ್ಲೂಕೇ ಆಗಿರಲಿಲ್ಲ.

ಆ ಉಪಗ್ರಹ, ಎಟಿಎಸ್-6, ನಾಸಾದ್ದು. ಭಾರತದ ಕಡೆ ಸರಿಯುವ ಮುಂಚೆ ಅದು ಏನು ಮಾಡ್ತಿತ್ತು ಗೊತ್ತಾ? ಅಪಲೇಚಿಯ ಬೆಟ್ಟಸಾಲಿನ ಶಿಕ್ಷಕರಿಗೆ ತರಬೇತಿ ಪಾಠ, ಅಲಾಸ್ಕದ ದೂರದ ಹಳ್ಳಿಗಳಿಗೆ ಶಿಕ್ಷಣ, ಆರೋಗ್ಯದ ಪ್ರಸಾರ. ಅಪಲೇಚಿಯ ಅಂದ್ರೆ ನಾನೀಗ ಇರುವ ಸೀಮೆಯೇ. ಶ್ರೀಮಂತ ಅಮೆರಿಕದಲ್ಲೂ ವ್ಯಾಪಾರಿ ಟಿವಿ ಕಾಲಿಡದ ಜಾಗಗಳಿದ್ದವು. ಅಲ್ಲಿ ಪಾಠ ಹೇಳಿದ ಯಂತ್ರವೇ ರಾಯಚೂರಿಗೂ ಹೇಳಿತು. ಆದರೆ ಎರವಲು ತಂದದ್ದು ತಾನೆ? 1976ರ ಜುಲೈ 31ಕ್ಕೆ ಪ್ರಸಾರ ನಿಂತಿತು. ಮರುವರ್ಷ ಗುಲ್ಬರ್ಗದಲ್ಲಿ ಟ್ರಾನ್ಸ್‌ಮಿಟರ್ ಬಂದರೂ ಅದರ ಅಲೆ ಎಲ್ಲ ಹಳ್ಳಿಗಳಿಗೂ ಮುಟ್ಟುವಂತಿರಲಿಲ್ಲ.

ನಮ್ಮವರ ಸರದಿ ಬಂದದ್ದು 2020ರಲ್ಲಿ. ಕೋವಿಡ್‌ಗೆ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಜಗಳೂರಿನಲ್ಲಿ ನಮ್ಮಕ್ಕನ ಮಗಳು ಆಗ ಹತ್ತನೇ ಕ್ಲಾಸು. ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನ್ ಬೆಳಗಾದರೆ ಭಾವನ ಜೇಬಿನಲ್ಲಿ ಹೊಲಕ್ಕೆ ಹೋಗ್ತಿತ್ತು. ಅವಳು ಗಣಿತ ಕಲಿತದ್ದು ಟಿವಿ ಮುಂದೆ, ನೋಟ್‌ಬುಕ್ ಹಿಡಿದು. ಡೌಟ್ ಕೇಳೋ ಹಾಗಿಲ್ಲ, ಕರೆಂಟ್ ಹೋದ್ರೆ ಪಾಠವೂ ಹೋಯ್ತು. ಬದಲಿಗೆ ಬೇರೇನಿತ್ತು ಹೇಳಿ?

ಡಬ್ಲ್ಯುಕ್ಯುಇಡಿ 1954ರಿಂದ ನಡೀತಿದೆ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆಂದು ಇಟ್ಟಿದ್ದ ಎರಡು ವರ್ಷದ 110 ಕೋಟಿ ಡಾಲರ್ ವಾಪಸ್ ಪಡೀತು. ಪಿಟ್ಸ್‌ಬರ್ಗ್‌ನಂಥ ನಗರದಲ್ಲಿ ದಾನಿಗಳು ಸಿಗ್ತಾರೆ. ಹೆಚ್ಚು ಪೆಟ್ಟು ಬೀಳೋದು ಸಣ್ಣ ಊರಿನ ಸ್ಟೇಷನ್‌ಗಳಿಗೆ, ಅಂದ್ರೆ ಇಲ್ಲಿನ ಜಗಳೂರುಗಳಿಗೆ. ಆ ಸುದ್ದಿ ಬಂದ ಮೇಲೇ ನಾನು ದುಡ್ಡು ಕಟ್ಟೋಕೆ ಶುರು ಮಾಡಿದ್ದು.

ಕೇಳುಗ, ನೋಡುಗ ದುಡ್ಡು ಕಟ್ಟೋದು ನಮಗೂ ಹೊಸದಲ್ಲ. 80ರ ದಶಕದವರೆಗೆ ರೇಡಿಯೊ, ಟಿವಿ ಇಟ್ಕೊಳ್ಳೋಕೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಫೀ ಕಟ್ಟಬೇಕಿತ್ತು. ನಮ್ಮಜ್ಜ ಹೊನ್ನಾಳಿಯಲ್ಲಿ ರೇಡಿಯೊಗೆ ಕಟ್ಟಿದ ಲೈಸೆನ್ಸ್ ಪುಸ್ತಕ, ಒಳಗಿನ ಸ್ಟ್ಯಾಂಪುಗಳ ಸಮೇತ, ಊರಿನ ಟ್ರಂಕಿನಲ್ಲಿ ಇನ್ನೂ ಇದೆ.