ಕೆಲವು ಆಂಗ್ಲ ನುಡಿಗಟ್ಟುಗಳ ಅರ್ಥವಿಚಾರ

ಆಂಗ್ಲಭಾಷೆಯ ಪಡೆನುಡಿಗಳಲ್ಲಿ ಕೆಲವು ತರ್ಕಕ್ಕೆ ವಿರುದ್ಧವಾಗಿವೆಯೆಂದು ಆ ಭಾಷೆಯ ಜನರೇ ಆಗಾಗ ಆಕ್ಷೇಪಿಸುವುದುಂಟು. ವೈಯಾಕರಣನಾದವನು ಇಂಥ ಕಡೆ ಬಳಕೆಯೇ ಪ್ರಮಾಣವೆಂದು ಹೇಳಿ ಸುಮ್ಮನಾಗಬಹುದು. ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಅಷ್ಟರಿಂದ ತೃಪ್ತಿಯಿಲ್ಲ. ಅರ್ಥಗೆಟ್ಟಂತೆ ತೋರುವ ಮಾತು ಎಂದು ಹಾಗಾಯಿತು, ಅಥವಾ ನಿಜವಾಗಿ ಕೆಟ್ಟಿದೆಯೇ ಎಂಬುದನ್ನು ವಿಚಾರಿಸಬೇಕಾಗುತ್ತದೆ. ಅವುಗಳಲ್ಲೊಂದು ಮಾತಂತೂ ನಮ್ಮ ಶಾಸ್ತ್ರದೊಳಕ್ಕೇ ನುಗ್ಗಿ ಹಾನಿಮಾಡಿರುವುದರಿಂದ ಈ ವಿಚಾರ ಕೇವಲ ವಿನೋದದ್ದಲ್ಲ.

ಸುಲಭವಾದುದನ್ನು ಮೊದಲು ನೋಡೋಣ. ಪಲ್ಟಿ ಹೊಡೆದು ಬಿದ್ದವನನ್ನು ಆಂಗ್ಲರು ‘ಹೆಡ್ ಓವರ್ ಹೀಲ್ಸ್’ ಬಿದ್ದನೆನ್ನುವರು. ಹಿಮ್ಮಡಿಯ ಮೇಲೆ ತಲೆಯಿರುವುದು ನೆಟ್ಟಗೆ ನಿಂತವನ ಸ್ಥಿತಿಯೇ ಹೊರತು ಬಿದ್ದವನದಲ್ಲ. 14ನೆಯ ಶತಮಾನದಲ್ಲಿ ಕಾಣಬರುವ ರೂಪ ‘ಹೀಲ್ಸ್ ಓವರ್ ಹೆಡ್’. ಅದು ಸರಿಯಾಗಿಯೇ ಇದ್ದಿತು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಪದಗಳು ಸ್ಥಾನ ಬದಲಿಸಿದುವು; ಅರ್ಥ ಮಾತ್ರ ಹಾಗೆಯೇ ಉಳಿಯಿತು. ನಮ್ಮ ‘ತಲೆಕೆಳಗು’, ‘ಬುಡಮೇಲು’ ಎಂಬ ಮಾತುಗಳು ಈ ಅಪಾಯದಿಂದ ಪಾರಾಗಿರುವುವು. ಇದೇ ಬಗೆಯಲ್ಲಿ, ‘ಇದಕ್ಕಿಂತ ಕಡಿಮೆಯಾಗಿ ಲೆಕ್ಕಿಸಲು ಸಾಧ್ಯವಿಲ್ಲ’ ಎಂಬರ್ಥದ ‘ಕುಡಂಟ್ ಕೇರ್ ಲೆಸ್’ ಎಂಬ ಮಾತು 1950ರ ದಶಕದಿಂದೀಚೆಗೆ ಅಮೆರಿಕದಲ್ಲಿ ನಿಷೇಧವನ್ನೇ ಕಳೆದುಕೊಂಡು ‘ಕುಡ್ ಕೇರ್ ಲೆಸ್’ ಆಯಿತು. ಕೇಳಿದವರು ತಪ್ಪು ತಿಳಿಯಲಿಲ್ಲ, ಬೈದವರು ಬಹುಮಂದಿ.

ಇವುಗಳಿಗಿಂತ ಸ್ವಾರಸ್ಯವಾದುದು ಕೇಕಿನ ಗಾದೆ. ‘ಕೇಕನ್ನು ಹ್ಯಾವ್ ಮಾಡಿ ಈಟ್ ಮಾಡಲಾಗದು’ ಎಂಬ ಈಗಿನ ರೂಪವನ್ನು ಕೇಳಿದವನು ‘ಏಕಾಗದು? ಕೈಯಲ್ಲಿದ್ದುದನ್ನಲ್ಲವೆ ತಿನ್ನುವುದು?’ ಎಂದು ಕೇಳುವುದು ಸಹಜ. ಇಲ್ಲಿ ‘ಹ್ಯಾವ್’ ಎಂದರೆ ಕೆಡದಂತೆ ಇಟ್ಟುಕೊಳ್ಳುವುದು ಎಂದರ್ಥ. ಆಂಗ್ಲದ ‘ಅಂಡ್’ ಎಂಬುದು ಎರಡು ಕ್ರಿಯೆಗಳ ಪೂರ್ವಾಪರವನ್ನು ಕಟ್ಟಿಹಾಕುವುದಿಲ್ಲ. ಆದರೂ ಓದುಗನ ಮನಸ್ಸು ಮೊದಲು ಬಂದುದನ್ನು ಮೊದಲು ನಡೆದುದೆಂದೇ ಎಣಿಸುತ್ತದೆ. ಕನ್ನಡದಲ್ಲಿ ಈ ತೊಡಕಿಲ್ಲ. ‘ಇಟ್ಟುಕೊಂಡು ತಿನ್ನುವುದು’ ಸಾಧ್ಯ, ‘ತಿಂದು ಇಟ್ಟುಕೊಳ್ಳುವುದು’ ಅಸಾಧ್ಯ. ಭೂತಕೃದಂತವೇ ಕಾಲಕ್ರಮವನ್ನು ತಿಳಿಸಿಬಿಡುತ್ತದೆ.

ಹಾಗಾದರೆ ಮೂಲರೂಪ ಯಾವುದು? ‘ತಿಂದು ಉಳಿಸಿಕೊಳ್ಳುವ’ ಕ್ರಮವೇ ಪ್ರಾಚೀನವೆಂದು ಹಲವರು ಹೇಳುವುದುಂಟು. 1546ರಲ್ಲಿ ಜಾನ್ ಹೇವುಡ್ ತನ್ನ ಗಾದೆಗಳ ಸಂಗ್ರಹದಲ್ಲಿ ಆ ಕ್ರಮವನ್ನೇ ಅನುಸರಿಸಿರುವನು. 1738ರಲ್ಲಿ ಸ್ವಿಫ್ಟನೂ ಹಾಗೆಯೇ. ಆದರೆ 1538ರಲ್ಲಿ ನಾರ್ಫಕ್ಕಿನ ಡ್ಯೂಕನು ಥಾಮಸ್ ಕ್ರಾಮ್ವೆಲ್ಲನಿಗೆ ಬರೆದ ಪತ್ರದಲ್ಲಿ ‘ಹ್ಯಾವ್’ ಮೊದಲು, ‘ಈಟ್’ ಅನಂತರ. ಎಂದರೆ ಇಂದು ತಪ್ಪೆನ್ನಿಸಿಕೊಳ್ಳುವ ಕ್ರಮವೇ, ದೊರೆತಿರುವ ಆಧಾರಗಳಲ್ಲಿ, ಎಂಟು ವರ್ಷ ಹಿರಿದು. ಎರಡೂ ಜೊತೆಯಲ್ಲಿ ಬಾಳಿದುವೆಂದು ಹೇಳುವುದೇ ಯುಕ್ತ. ಈಗಿನ ಕ್ರಮ ಮೇಲುಗೈ ಪಡೆದದ್ದು 20ನೆಯ ಶತಮಾನದ ಪೂರ್ವಾರ್ಧದಲ್ಲಿ.

ಈ ಅಲ್ಪಭೇದವೂ ಒಮ್ಮೆ ಸಾಕ್ಷ್ಯವಾಗಿ ನಿಂತಿತು. ಅಮೆರಿಕದಲ್ಲಿ 1978ರಿಂದ 1995ರವರೆಗೆ ಅಂಚೆಯ ಮೂಲಕವೂ ಬೇರೆ ರೀತಿಯಲ್ಲಿಯೂ ಬಾಂಬುಗಳನ್ನಿರಿಸಿ ಮೂವರನ್ನು ಕೊಂದು 23 ಮಂದಿಯನ್ನು ಗಾಯಗೊಳಿಸಿದ ಅಜ್ಞಾತನ ದೀರ್ಘಪ್ರಬಂಧವೊಂದು 1995ರ ಸೆಪ್ಟೆಂಬರಿನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಕೇಕಿನ ಗಾದೆ ಹಳೆಯ ಕ್ರಮದಲ್ಲಿ, ತಿನ್ನುವುದು ಮೊದಲಾಗಿ, ಬಂದಿದ್ದಿತು. ಬರಹದ ಧಾಟಿಯನ್ನು ಗುರುತಿಸಿ ಸಂಶಯಪಟ್ಟವರು ಥಿಯೊಡೋರ್ ಕಾಜಿನ್ಸ್ಕಿಯ ತಮ್ಮನೂ ತಮ್ಮನ ಹೆಂಡತಿಯೂ. ಆತನ ಹಳೆಯ ಬರಹಗಳೊಡನೆ ಪ್ರಬಂಧವನ್ನು ಹೋಲಿಸಿದ ತನಿಖೆಗಾರರಿಗೆ ಈ ಗಾದೆಯ ವಿರಳಕ್ರಮವೂ ಒಂದು ಗುರುತಾಯಿತು. 1996ರ ಏಪ್ರಿಲಿನಲ್ಲಿ ಮೊಂಟಾನಾದ ಗುಡಿಸಿಲೊಂದರಲ್ಲಿ ಆತನು ಸೆರೆಸಿಕ್ಕನು. ಹಸ್ತಪ್ರತಿಗಳ ಕರ್ತೃನಿರ್ಣಯದಲ್ಲಿ ತೊಡಗಿರುವ ನಮ್ಮವರಿಗೆ ಈ ವಿಧಾನ ಅಪರಿಚಿತವಲ್ಲ.

ಇನ್ನು ನಾವು ಮೊದಲೇ ಸೂಚಿಸಿದ, ಹಾನಿಕರವಾದ ಮಾತು: ‘ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್’, ಅಪವಾದವೇ ನಿಯಮವನ್ನು ಸಾಧಿಸುತ್ತದೆ. ವಾದದಲ್ಲಿ ಸಿಕ್ಕಿಬಿದ್ದವರಿಗೆ ಇದಕ್ಕಿಂತ ಒಳ್ಳೆಯ ಆಶ್ರಯವಿಲ್ಲ. ತಮ್ಮ ಸಿದ್ಧಾಂತಕ್ಕೆ ವಿರುದ್ಧವಾದ ಶಾಸನವೊಂದು ದೊರೆತೊಡನೆ ‘ಅದು ಅಪವಾದ, ಅದರಿಂದ ನಮ್ಮ ನಿಯಮ ಇನ್ನಷ್ಟು ದೃಢಪಟ್ಟಿತು’ ಎಂದುಬಿಟ್ಟರೆ ಮುಂದೆ ವಿಚಾರಕ್ಕೆಡೆಯೆಲ್ಲಿ? ಇದನ್ನು ಸರಿಪಡಿಸಹೊರಟವರು, ‘ಪ್ರೂವ್’ ಎಂದರೆ ಹಿಂದೆ ‘ಪರೀಕ್ಷಿಸು’ ಎಂದರ್ಥವಿದ್ದಿತು, ಅಪವಾದವು ನಿಯಮವನ್ನು ಪರೀಕ್ಷೆಗೊಡ್ಡುತ್ತದೆ ಎಂದು ವ್ಯಾಖ್ಯಾನಿಸುವರು. ಪುಡಿಂಗಿನ ‘ಪ್ರೂಫ್’ ತಿನ್ನುವುದರಲ್ಲಿದೆಯೆಂಬ ಗಾದೆಗೆ ಈ ವ್ಯಾಖ್ಯಾನ ಸಲ್ಲುತ್ತದೆ. ಇಲ್ಲಿ ಸಲ್ಲದು. ಏಕೆಂದರೆ ಈ ಮಾತಿನ ಮೂಲ ಅಡಿಗೆಮನೆಯಲ್ಲಿಲ್ಲ, ನ್ಯಾಯಾಲಯದಲ್ಲಿದೆ.

ಕ್ರಿ. ಪೂ. 56ರಲ್ಲಿ ಸ್ಪೇನಿನ ಗಾಡೀಸ್ ಪಟ್ಟಣದ ಬಾಲ್ಬಸನೆಂಬುವನು ರೋಮಿನ ಪೌರತ್ವವನ್ನು ಅಕ್ರಮವಾಗಿ ಪಡೆದಿರುವನೆಂಬ ಆಪಾದನೆಗೆ ಗುರಿಯಾದನು. ಆತನ ಪರವಾಗಿ ವಾದಿಸಿದವರಲ್ಲಿ ಸಿಸಿರೋ ಒಬ್ಬ. ಕೆಲವು ಜನಾಂಗಗಳೊಡನೆ ರೋಮ್ ಮಾಡಿಕೊಂಡ ಒಡಂಬಡಿಕೆಗಳಲ್ಲಿ ‘ಇವರಲ್ಲಾರನ್ನೂ ಪೌರರನ್ನಾಗಿ ಸ್ವೀಕರಿಸಕೂಡದು’ ಎಂಬ ವಿಶೇಷೋಕ್ತಿಯಿದ್ದಿತು. ಗಾಡೀಸಿನ ಒಡಂಬಡಿಕೆಯಲ್ಲಿ ಅದಿರಲಿಲ್ಲ. ಹಾಗೆಂದಮೇಲೆ, ವಿಶೇಷವಾಗಿ ತಡೆಯದ ಕಡೆ ಸ್ವೀಕಾರಕ್ಕೆ ಅಡ್ಡಿಯಿಲ್ಲವೆಂಬುದೇ ಸಾಮಾನ್ಯ ನಿಯಮವಾಗಿರಬೇಕೆಂದು ಸಿಸಿರೋ ವಾದಿಸಿದನು. ಬಾಲ್ಬಸನು ಬಿಡುಗಡೆ ಹೊಂದಿ, ಕ್ರಿ. ಪೂ. 40ರಲ್ಲಿ ಕಾನ್ಸಲ್ ಪದವಿಗೂ ಏರಿದನು. ಈ ತರ್ಕವೇ ಮುಂದೆ ಲ್ಯಾಟಿನ್ ನ್ಯಾಯಸೂತ್ರವಾಗಿ ಆಂಗ್ಲಕ್ಕೆ ಬಂದಿತು. ‘ಹೊರತುಪಡಿಸದ ವಿಷಯಗಳಲ್ಲಿ’ ಎಂಬ ಸೂತ್ರದ ಉತ್ತರಭಾಗವನ್ನು ಬಳಕೆ ನುಂಗಿಹಾಕಿದ್ದರಿಂದ ಅನರ್ಥಕ್ಕೆ ದಾರಿಯಾಯಿತು. ಇಲ್ಲಿ ನಿಯಮವನ್ನು ಸಾಧಿಸತಕ್ಕದ್ದು ಎದುರಾದ ವಿರುದ್ಧ ಸಂಗತಿಯಲ್ಲ, ಬುದ್ಧಿಪೂರ್ವಕವಾಗಿ ಮಾಡಿದ ವಿನಾಯಿತಿ. ‘ಭಾನುವಾರ ತೆರೆದಿರುವುದಿಲ್ಲ’ ಎಂಬ ಫಲಕ ಉಳಿದ ದಿನಗಳಲ್ಲಿ ಬಾಗಿಲು ತೆರೆದಿರುವುದೆಂಬುದಕ್ಕೆ ಆಧಾರವಾಗುವಂತೆ. ಸಂಸ್ಕೃತ ವೈಯಾಕರಣರ ಉತ್ಸರ್ಗ–ಅಪವಾದಗಳ ವ್ಯವಸ್ಥೆಯೂ ಇದಕ್ಕೆ ಸಮೀಪವಾದುದು: ಅಪವಾದವು ತನ್ನ ಕ್ಷೇತ್ರದಲ್ಲಿ ಉತ್ಸರ್ಗವನ್ನು ಬಾಧಿಸುತ್ತದೆ, ಮಿಕ್ಕೆಡೆ ಉತ್ಸರ್ಗವೇ ನಿಲ್ಲುತ್ತದೆ.

ಈ ಮೂಲಾರ್ಥದಲ್ಲಿ ಸೂತ್ರವು ಶಾಸನಾಭ್ಯಾಸಿಗಳಿಗೆ ಬಹಳ ಉಪಯುಕ್ತ. ನಮ್ಮ ದಾನಶಾಸನಗಳಲ್ಲಿ ಭೂಮಿಯನ್ನು ‘ಸರ್ವನಮಸ್ಯ’ವಾಗಿ, ‘ಸರ್ವಬಾಧಾಪರಿಹಾರ’ವಾಗಿ ಕೊಟ್ಟಂತೆ ಹೇಳಿರುವುದು ಸಾಮಾನ್ಯ. ಕೆಲವೆಡೆ ಬಿಟ್ಟುಕೊಟ್ಟ ತೆರಿಗೆಗಳ ಹೆಸರುಗಳೂ ಇರುವುವು. ದೇವಸ್ಥಾನವೊಂದಕ್ಕೆ ಗಾಣದೆರೆಯನ್ನು ಮನ್ನಾ ಮಾಡಿದರೆಂದು ಬರೆದಿದ್ದರೆ, ಆ ಸೀಮೆಯ ಉಳಿದ ಗಾಣಗಳ ಮೇಲೆ ತೆರಿಗೆಯಿದ್ದಿತೆಂದು ಹೇಳಲು ನಮಗೆ ಅಧಿಕಾರ ಬರುತ್ತದೆ. ಆ ತೆರಿಗೆ ವಾಸ್ತವವಾಗಿ ಎಷ್ಟು ವಸೂಲಾಗುತ್ತಿದ್ದಿತೆಂಬುದನ್ನು ಮಾತ್ರ ಬೇರೆ ಆಧಾರಗಳಿಂದ ತಿಳಿಯಬೇಕು.