ಬಳ್ಳಾಪುರದಿಂದ ಪ್ಯಾರಿಸ್ಸಿಗೆ ಹೋದ ಪತ್ರಗಳು



ಪಂಚಾಶತ್ತಮ ಹಬ್ಬಕ್ಕೆ ಹಿಂದಿನ ಭಾನುವಾರವನ್ನು ಧರ್ಮಸಭೆಯು ವಿಶ್ವ ಸಂಪರ್ಕ ಮಾಧ್ಯಮ ದಿನವೆಂದು ಆಚರಿಸುತ್ತದೆ. 1967ರಲ್ಲಿ ಆರಂಭವಾದ ಈ ಆಚರಣೆಯಂದು ಪತ್ರಿಕೆ, ಆಕಾಶವಾಣಿ, ದೂರದರ್ಶನ, ಅಂತರ್ಜಾಲಗಳ ಬಗ್ಗೆ ನಾವು ಪ್ರಬೋಧನೆ ಕೇಳುತ್ತೇವೆ. ಕೇಳುವಾಗ ಇದೆಲ್ಲ ನಮ್ಮ ಮಕ್ಕಳ ಕಾಲದ ಸಂಗತಿ, ನಮ್ಮ ಹಿರಿಯರಿಗೆ ಇದರ ಗಂಧವೂ ಇರಲಿಲ್ಲ ಎಂದು ಅನಿಸುವುದು ಸಹಜ. ಆದರೆ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಮೂರು ನೂರು ವರ್ಷಗಳ ಹಿಂದೆಯೇ ಒಬ್ಬ ಗುರು ಕೂತು ಬರೆದ ಪತ್ರ ಪ್ಯಾರಿಸ್ಸಿನಲ್ಲಿ ಅಚ್ಚಾಗಿ, ಯೂರೋಪಿನ ಮನೆಮನೆಗಳಲ್ಲಿ ಓದಿಸಿಕೊಂಡಿತ್ತು. ಸೇವಾಕಾರ್ಯವೊಂದು ಬರವಣಿಗೆಯಿಂದ ಹೇಗೆ ಬೆಳೆಯುತ್ತದೆ, ಬರವಣಿಗೆಯೊಂದನ್ನೇ ನಂಬಿದರೆ ಏನನ್ನು ಕಳೆದುಕೊಳ್ಳುತ್ತದೆ ಎಂಬ ಎರಡು ಪಾಠಗಳೂ ಆ ಪತ್ರಗಳ ಚರಿತ್ರೆಯಲ್ಲಿವೆ.

ಪತ್ರದ ಮೂಲಕ ಸಭೆಯನ್ನು ಕಟ್ಟುವ ಕೆಲಸ ಸಂತ ಪೌಲರಷ್ಟೇ ಹಳೆಯದು. ಅವರು ಕೊಲೊಸ್ಸೆಯವರಿಗೆ ಬರೆದ ಪತ್ರವನ್ನು ನೆರೆಯ ಲವೊದಿಕೀಯದ ಸಭೆಯಲ್ಲಿಯೂ ಓದಿಸಬೇಕೆಂದು ತಾವೇ ಕೇಳಿಕೊಂಡರು. ಹದಿನಾರನೆಯ ಶತಮಾನದಲ್ಲಿ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನಾಸಿಯವರು ಇದನ್ನೊಂದು ಶಿಸ್ತಾಗಿಯೇ ಮಾಡಿದರು. 1542ರಲ್ಲಿ ತಮ್ಮ ಸಂಗಡಿಗರಾದ ಪೀಟರ್ ಫೇಬರರಿಗೆ ಬರೆಯುತ್ತಾ, ಇತರರಿಗೆ ತೋರಿಸಬಹುದಾದ ಮುಖ್ಯ ಪತ್ರವನ್ನು ತಿದ್ದಿ ಮತ್ತೊಮ್ಮೆ ಬರೆದು ಕಳಿಸಬೇಕು, ಉಳಿದ ಒಳ ವಿಷಯಗಳನ್ನು ಬೇರೆ ಹಾಳೆಯಲ್ಲಿ ಬರೆಯಬೇಕು ಎಂದು ತಿಳಿಹೇಳಿದರು. ನಮ್ಮ ಹಳ್ಳಿಗಳಲ್ಲಿ ಚೌರಪ್ಪ, ಚೌರಮ್ಮ ಎಂಬ ಹೆಸರುಗಳಾಗಿ ಇಂದಿಗೂ ಬದುಕಿರುವ ಸಂತ ಫ್ರಾನ್ಸಿಸ್ ಝೇವಿಯರರು 1544ರಲ್ಲಿ ಕೊಚ್ಚಿಯಿಂದ ಬರೆದ ಪತ್ರ ಮರುವರ್ಷವೇ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ವಿಶ್ವವಿದ್ಯಾಲಯಗಳಲ್ಲಿ ಓದಿ ಪಂಡಿತರಾದವರು ಇಲ್ಲಿಗೇಕೆ ಬರುವುದಿಲ್ಲ ಎಂಬ ಅವರ ಹಂಬಲವನ್ನು ಓದಿ ಎಷ್ಟೋ ಯುವಕರು ಧರ್ಮಸೇವೆಗೆ ಹೊರಟರು.

ಈಗ ನಮ್ಮ ಸೀಮೆಗೆ ಬರೋಣ. 1688ರಲ್ಲಿ ಸಯಾಮಿನಿಂದ ಹೊರದೂಡಲ್ಪಟ್ಟ ಫ್ರೆಂಚ್ ಯೇಸುಸಭೆಯ ಗುರುಗಳು ಪುದುಚೇರಿಯಲ್ಲಿ ನೆಲೆ ಕಂಡರು. ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿಂದ ಒಳನಾಡಿಗೆ ಬಂದು ಕರ್ನಾಟಿಕ್ ಮಿಷನ್ ಎಂಬ ಸೇವಾಕ್ಷೇತ್ರವನ್ನು ತೆರೆದರು. ಚಿಂತಾಮಣಿಯ ಪೂರ್ವಕ್ಕೆ, ಇಂದಿನ ಆಂಧ್ರಪ್ರದೇಶದಲ್ಲಿರುವ ಪುಂಗನೂರು ಅವರ ಮೊದಲ ಕೇಂದ್ರಗಳಲ್ಲೊಂದು. ಅಲ್ಲಿಂದ ಅವರು ಪಾಳೆಯಗಾರರ ಆಳ್ವಿಕೆಯಲ್ಲಿದ್ದ ಬಳ್ಳಾಪುರ ಸೀಮೆಗೆ ಕಾಲಿಟ್ಟರು. ಇಂದಿಗೂ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಎನ್ನುವ ಸೀಮೆ ಇದು. ಗುರುಗಳು ಕಾವಿಯುಟ್ಟು, ಮಾಂಸ ಬಿಟ್ಟು, ಸನ್ಯಾಸಿಗಳ ರೀತಿಯಲ್ಲಿ ಬಾಳಿ ತೆಲುಗಿನಲ್ಲಿ ಬೋಧಿಸಿದರು.

ವಂದನೀಯ ಲೆ ಗಾಕ್ ಎಂಬ ಗುರುಗಳ ಪತ್ರವೊಂದರ ತಲೆಯಲ್ಲಿ 'ಚಿನ್ನಬಳ್ಳಾಪುರಂ' ಎಂಬ ಊರಿನ ಹೆಸರೂ 1709ರ ಜನವರಿ ತಿಂಗಳೂ ಇವೆ. ತೆಲುಗಿನ 'ಚಿನ್ನ' ನಮ್ಮ 'ಚಿಕ್ಕ' ಎಂಬುದನ್ನು ಆ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಥ ಪತ್ರ ಕಾಲುನಡಿಗೆಯ ಆಳುಗಳ ಕೈಯಲ್ಲಿ ಮುನ್ನೂರು ಕಿಲೋಮೀಟರಿಗೂ ದೂರದ ಪುದುಚೇರಿ ಸೇರಬೇಕು. ಗಾಳಿ ಅನುಕೂಲವಾದಾಗ ಹಡಗು ಹೊರಡಬೇಕು. ಆಫ್ರಿಕಾದ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ತೇಲಿ ಫ್ರಾನ್ಸ್ ಮುಟ್ಟಬೇಕು. ಉತ್ತರ ಬರುವ ಹೊತ್ತಿಗೆ ಇಲ್ಲಿ ಒಂದು ವರ್ಷದ ಮೇಲೆ ಕಳೆದಿರುತ್ತಿತ್ತು. ಆದರೂ ಅವರು ಬರೆಯುವುದನ್ನು ಬಿಡಲಿಲ್ಲ.

ಪ್ಯಾರಿಸ್ಸಿನಲ್ಲಿ ಈ ಪತ್ರಗಳಿಗಾಗಿ ಕಾದಿದ್ದವರು ಮೊದಲು ಲೆ ಗೋಬಿಯಾಂ, ಆಮೇಲೆ ದ್ಯು ಆಲ್ಡ್ ಎಂಬ ಸಂಪಾದಕ ಗುರುಗಳು. ಚೀನಾ, ಭಾರತ, ಅಮೆರಿಕಗಳಿಂದ ಬಂದ ಪತ್ರಗಳನ್ನು ಆರಿಸಿ, ತಿದ್ದಿ, 1702ರಿಂದ 1776ರವರೆಗೆ 34 ಸಂಪುಟಗಳಲ್ಲಿ ಪ್ರಕಟಿಸಿದರು. ಫ್ರೆಂಚ್ ಭಾಷೆಯಲ್ಲಿ ಈ ಮಾಲೆಯ ಹೆಸರಿಗೆ 'ಭಕ್ತಿವರ್ಧಕ ಹಾಗೂ ಕುತೂಹಲಕರ ಪತ್ರಗಳು' ಎಂಬ ಅರ್ಥವಿದೆ. ಭಕ್ತಿಗಾಗಿ ಓದುವವರನ್ನೂ ದೂರದೇಶದ ವಿಷಯಕ್ಕಾಗಿ ಓದುವವರನ್ನೂ ಒಟ್ಟಿಗೆ ಕರೆದ ಹೆಸರಿದು. ಜರ್ಮನ್, ಇಂಗ್ಲಿಷ್ ಭಾಷೆಗಳಿಗೂ ಪತ್ರಗಳು ಹೋದವು. ಧರ್ಮಸಭೆಯನ್ನು ಟೀಕಿಸುತ್ತಿದ್ದ ವೋಲ್ಟೇರನೂ ಇವನ್ನು ಓದಿದ. ಓದಿದವರು ಕಾಣಿಕೆ ಕಳಿಸಿದರು. ಓದಿದ ಯುವಕರು ಹಡಗು ಹತ್ತಿದರು. ಪ್ರೇಷಿತ ಕಾರ್ಯಕ್ಕೆ ಹಣ, ಜನ, ಪ್ರಾರ್ಥನೆ ಮೂರನ್ನೂ ಈ ಪುಸ್ತಕಗಳು ತಂದುಕೊಟ್ಟವು.

ಈ ಪತ್ರಗಳು ಜನರನ್ನು ಹಿಡಿದಿಟ್ಟಿದ್ದಕ್ಕೆ ಕಾರಣವೂ ಇತ್ತು. ಬರೆದವರು ಮೊದಲು ವಿದ್ಯಾರ್ಥಿಗಳಾಗಿದ್ದರು. 1726ರಲ್ಲಿ ಭಾರತಕ್ಕೆ ಬಂದ ವಂದನೀಯ ಕಾಲ್ಮೆತ್ ತೆಲುಗಿನ ಜೊತೆಗೆ ಸಂಸ್ಕೃತವನ್ನೂ ಕಲಿತರು. ಬಳ್ಳಾಪುರದಿಂದ 1735ರಲ್ಲಿ ಅವರು ಬರೆದ ಪತ್ರವೂ ಆ ಮಾಲೆಯಲ್ಲಿದೆ. ಪಂಡಿತರೊಡನೆ ವಾದಕ್ಕೆ ಬೇಕೆಂದೇ ಅವರು ವೇದಗಳನ್ನು ಹುಡುಕಿದರು. ಅವರ ಪ್ರಯತ್ನದಿಂದ ವೇದಗಳ ಹಸ್ತಪ್ರತಿಗಳು ಪ್ಯಾರಿಸ್ಸಿನ ರಾಜಗ್ರಂಥಾಲಯ ಸೇರಿದವು. ವಾದಕ್ಕೆಂದು ತೆರೆದ ಬಾಗಿಲು ಜ್ಞಾನದ ಬಾಗಿಲಾಯಿತು. ಅದೇ ಮಿಷನ್ನಿಗೆ 1732ರಲ್ಲಿ ಬಂದ ವಂದನೀಯ ಕೂರ್ದೂ ಅವರು ಸಂಸ್ಕೃತ, ಗ್ರೀಕ್, ಲತೀನ್ ಭಾಷೆಗಳು ಒಂದೇ ಬಳ್ಳಿಯ ಕಾಯಿಗಳೆಂದು ಫ್ರಾನ್ಸಿನ ಪಂಡಿತ ಸಭೆಗೆ ಬರೆದು ತಿಳಿಸಿದರು. ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಇದೇ ಮಾತನ್ನು ಹೇಳಿ ಪ್ರಸಿದ್ಧರಾಗುವುದಕ್ಕಿಂತ ಸುಮಾರು ಇಪ್ಪತ್ತು ವರ್ಷ ಮೊದಲಿನ ಬರಹವದು. ಆದರೆ ಅದು ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ ಕೂರ್ದೂ ಅವರೂ ಇರಲಿಲ್ಲ, ಕೀರ್ತಿಯೂ ಬೇರೆಯವರ ಪಾಲಾಗಿತ್ತು.

ಕೂರ್ದೂ ಅವರದೇ ಇನ್ನೊಂದು ಪತ್ರ ನಮ್ಮನ್ನು ಇನ್ನೂ ಆಳವಾಗಿ ಯೋಚಿಸುವಂತೆ ಮಾಡುತ್ತದೆ. 1742ರ ಜನವರಿಯಲ್ಲಿ ಬರೆದ ಆ ಪತ್ರದಲ್ಲಿ ಅವರು ನಮ್ಮ ದೇಶದವರು ಬಟ್ಟೆಯ ಮೇಲೆ ಚಿತ್ರ ಬರೆದು ಬಣ್ಣ ಹಾಕುವ ವಿಧಾನವನ್ನು ಹಂತಹಂತವಾಗಿ ವಿವರಿಸಿದರು. ಅಳಲೆಕಾಯಿಯನ್ನು ಅರೆದು ಎಮ್ಮೆಯ ಹಾಲಿನಲ್ಲಿ ಕಲಸಿ ಬಟ್ಟೆಯನ್ನು ನೆನೆಸುವುದರಿಂದ ಹಿಡಿದು, ಬಣ್ಣ ನಿಲ್ಲಿಸುವವರೆಗೆ ಎಲ್ಲವೂ ಅದರಲ್ಲಿದೆ. ಹೇಳಿಕೊಟ್ಟವರು ಹೊಸದಾಗಿ ದೀಕ್ಷಾಸ್ನಾನ ಪಡೆದಿದ್ದ ಕುಶಲಕರ್ಮಿಗಳು. ಗುರುಗಳು ಅವರನ್ನು ಬೇರೆಬೇರೆ ಸಮಯದಲ್ಲಿ, ಬೇರೆಬೇರೆಯಾಗಿ ಕೇಳಿ, ಉತ್ತರಗಳನ್ನು ಹೋಲಿಸಿ ಬರೆದರು. ಸತ್ಯವನ್ನು ಪರೀಕ್ಷಿಸುವ ಈ ಕ್ರಮವನ್ನು ನಾವು ಮೆಚ್ಚಲೇಬೇಕು.

ಆದರೆ ಆ ಕಾಲದ ಫ್ರಾನ್ಸ್ ಏನು ಮಾಡುತ್ತಿತ್ತು? ನಮ್ಮ ಬಣ್ಣದ ಬಟ್ಟೆಗಳ ಪೈಪೋಟಿ ತಡೆಯಲಾರದೆ 1686ರಲ್ಲಿಯೇ ಅವನ್ನು ನಿಷೇಧಿಸಿತ್ತು. 1759ರಲ್ಲಿ ನಿಷೇಧ ತೆರವಾಯಿತು. ಮರುವರ್ಷವೇ ಪ್ಯಾರಿಸ್ಸಿನ ಬಳಿಯ ಜೂಯಿ ಎಂಬಲ್ಲಿ ದೊಡ್ಡ ಬಟ್ಟೆ ಮುದ್ರಣ ಕಾರ್ಖಾನೆ ಶುರುವಾಯಿತು. ಭಾರತದ ಬಣ್ಣಗಾರಿಕೆಯ ಗುಟ್ಟನ್ನು ಯೂರೋಪಿಗೆ ತಲುಪಿಸಿದ ಬರಹಗಳಲ್ಲಿ ಕೂರ್ದೂ ಅವರ ಪತ್ರವೂ ಒಂದು. ತಮ್ಮ ಗುರುಗಳೆಂಬ ವಿಶ್ವಾಸದಿಂದ ಬಡ ಕುಶಲಕರ್ಮಿಗಳು ಬಾಯಿಬಿಟ್ಟ ಮಾತು, ಅವರಿಗೆ ಪೈಪೋಟಿ ಕೊಡುವವರ ಕೈ ಸೇರಿತು. ಆ ಪತ್ರ ಫ್ರೆಂಚಿನಲ್ಲಿತ್ತು. ಯಾರ ಬದುಕು ಅದರಲ್ಲಿತ್ತೋ ಅವರು ಅದನ್ನು ಓದುವಂತೆಯೇ ಇರಲಿಲ್ಲ.

ಇದೇ ಆ ಇಡೀ ಪತ್ರಮಾಲೆಯ ಮರ್ಮ. ಬಳ್ಳಾಪುರದ ವಿಶ್ವಾಸಿಗಳ ಬಗ್ಗೆ ಪ್ಯಾರಿಸ್ಸಿಗೆ ಗೊತ್ತಿತ್ತು. ಪ್ಯಾರಿಸ್ಸಿನಲ್ಲಿ ತಮ್ಮ ಬಗ್ಗೆ ಏನು ಬರೆದಿದೆಯೆಂದು ಬಳ್ಳಾಪುರಕ್ಕೆ ಗೊತ್ತಿರಲಿಲ್ಲ. ಕಾಣಿಕೆ ಕೊಡುವವರ ಮನಸ್ಸನ್ನು ಕರಗಿಸುವಂಥ ಘಟನೆಗಳನ್ನೇ ಆರಿಸಿ ಅಚ್ಚುಹಾಕುವ ಒತ್ತಡವೂ ಸಂಪಾದಕರ ಮೇಲಿತ್ತು. ಇತ್ತ ಗುರುಗಳು ಅನುಸರಿಸಿದ ದೇಶೀಯ ಆಚಾರಗಳ ಬಗ್ಗೆ ದೊಡ್ಡ ವಿವಾದವೆದ್ದು, 1744ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರ ಕಟ್ಟಳೆ ಬಂತು. ಯೂರೋಪಿನಲ್ಲಿ ಯೇಸುಸಭೆಗೆ ವಿರೋಧ ಹೆಚ್ಚಿ, 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಆ ಸಭೆಯನ್ನೇ ರದ್ದುಗೊಳಿಸಿದರು. ಮೂರು ವರ್ಷಗಳಲ್ಲಿ ಪತ್ರಮಾಲೆಯೂ ನಿಂತಿತು. ಇಲ್ಲಿ ಮರಾಠರ, ಹೈದರನ ದಂಡುಗಳ ಓಡಾಟದಲ್ಲಿ ಊರುಗಳು ಚದುರಿದವು. ಮೂವತ್ನಾಲ್ಕು ಸಂಪುಟಗಳು ಗ್ರಂಥಾಲಯಗಳಲ್ಲಿ ಭದ್ರವಾಗಿದ್ದವು. ಆದರೆ ಹಳ್ಳಿಯಲ್ಲಿ ಸಾಯುವವನ ತಲೆದೆಸೆಯಲ್ಲಿ ಕೂತು ಪ್ರಾರ್ಥನೆ ಹೇಳಲು ಆ ಸಂಪುಟಗಳು ಬರಲಾರವು.

ಗುರುಗಳಿಲ್ಲದ ಕಾಲದಲ್ಲಿ ಹಳ್ಳಿಗಳಲ್ಲಿ ವಿಶ್ವಾಸದ ದೀಪವನ್ನು ಹಿಡಿದವರು ಉಪದೇಶಿಗಳು, ಮನೆಯ ಹಿರಿಯರು, ಮಕ್ಕಳಿಗೆ ಶಿಲುಬೆಯ ಗುರುತು ಕಲಿಸಿದ ತಾಯಂದಿರು. ಅವರ ಹೆಸರು ಯಾವ ಸಂಪುಟದಲ್ಲೂ ಇಲ್ಲ.

ಆಮೇಲೆ ಬಂದ ಪ್ಯಾರಿಸ್ ಪರದೇಶ ಮಿಷನ್ನಿನ ಗುರುಗಳಲ್ಲಿ, ಜನ 'ದೊಡ್ಡಸ್ವಾಮಿಯವರು' ಎಂದು ಕರೆದ ಅಬ್ಬೆ ದ್ಯುಬುವಾ ಪ್ರಮುಖರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದ ಅವರು, 1823ರಲ್ಲಿ ಪ್ರಕಟಿಸಿದ ತಮ್ಮ ಪತ್ರಗಳಲ್ಲಿ ಭಾರತದ ಧರ್ಮಪ್ರಚಾರದ ಬಗ್ಗೆ ತೀರಾ ನಿರಾಶೆಯ ಮಾತುಗಳನ್ನೇ ಬರೆದರು. ಹೊಗಳಿಕೆಯ ಪತ್ರಗಳನ್ನು ಓದಿದ್ದ ಯೂರೋಪಿಗೆ ಇದು ಕಹಿಯಾಯಿತು. ಆದರೆ ಬರೀ ಹೊಗಳಿಕೆಯಲ್ಲಿ ಇಲ್ಲದ ಪೂರ್ಣ ಸತ್ಯ, ಬರೀ ನಿರಾಶೆಯಲ್ಲೂ ಇರಲಿಲ್ಲ. ದೊಡ್ಡಸ್ವಾಮಿಯವರು ಹೋದ ಮೇಲೂ ಈ ನಾಡಿನಲ್ಲಿ ಸಭೆ ಬೆಳೆಯಿತು.

ನಿಜವಾದ ತಿರುವು ಬಂದದ್ದು ಅಚ್ಚಿನ ಮೊಳೆಗಳು ಕನ್ನಡ ಕಲಿತಾಗ. 1843ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ಮೈಸೂರಿನ ಪ್ರೇಷಿತ ಪ್ರತಿನಿಧಿಯಾಗಿದ್ದ ಬಿಷಪ್ ಶಾರ್ಬೊನೊ ಅವರ ಕಾಲದಲ್ಲಿ, 1861ರಲ್ಲಿ, ಬೆಂಗಳೂರಿನಲ್ಲಿ ಲತೀನ್–ಕನ್ನಡ ನಿಘಂಟು ಅಚ್ಚಾಯಿತು. ಮಂಗಳೂರಿನಲ್ಲಿ 1882ರಲ್ಲಿ ಕೊಡಿಯಾಲಬೈಲ್ ಮುದ್ರಣಾಲಯವೂ, 1938ರಲ್ಲಿ ಕೊಂಕಣಿಯ 'ರಾಕ್ಣೊ' ವಾರಪತ್ರಿಕೆಯೂ ಬಂದವು. ಅಲ್ಲಿಯವರೆಗೆ ನಮ್ಮ ಬಗ್ಗೆ ಬರೆಯುತ್ತಿದ್ದರು. ಈಗ ನಮಗಾಗಿ, ನಮ್ಮ ನುಡಿಯಲ್ಲಿ ಬರೆಯತೊಡಗಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು ಸಂಪರ್ಕ ಮಾಧ್ಯಮಗಳ ಕಟ್ಟಳೆಯನ್ನೂ, ಆರಾಧನಾವಿಧಿಯಲ್ಲಿ ತಾಯ್ನುಡಿಗೆ ಬಾಗಿಲು ತೆರೆದ ಸಂವಿಧಾನವನ್ನೂ ಒಂದೇ ದಿನ, 1963ರ ಡಿಸೆಂಬರ್ 4ರಂದು, ಘೋಷಿಸಿತು. ಮಾಧ್ಯಮವೂ ತಾಯ್ನುಡಿಯೂ ಒಟ್ಟಿಗೆ ಬಂದದ್ದನ್ನು ನಾವು ದೇವರ ಸಂಕಲ್ಪವೆಂದೇ ನೋಡುತ್ತೇವೆ.

ಇಂದು ಚಿಕ್ಕಬಳ್ಳಾಪುರದಿಂದ ಪ್ಯಾರಿಸ್ಸಿಗೆ ಸುದ್ದಿ ಹೋಗಲು ಹಡಗು ಬೇಡ. ಗೌರಿಬಿದನೂರಿನ ಯುವಕನೊಬ್ಬನ ಹೆಬ್ಬೆರಳು ಸಾಕು. 2010ರ ಮಾಧ್ಯಮ ದಿನದ ಸಂದೇಶದಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು, ದೇವರ ವಾಕ್ಯದ ಸೇವೆಗಾಗಿ ಅಂತರ್ಜಾಲದ ಹೊಸ ಮಾಧ್ಯಮಗಳನ್ನು ಬಳಸಿರೆಂದು ಗುರುಗಳನ್ನು ಹುರಿದುಂಬಿಸಿದರು. ಪರಮಪ್ರಸಾದದ ಅದ್ಭುತಗಳ ಮಾಹಿತಿಯನ್ನು ಕಲೆಹಾಕಿ ಅಂತರ್ಜಾಲದಲ್ಲಿ ಇಟ್ಟ ಇಟಲಿಯ ಬಾಲಕ ಕಾರ್ಲೊ ಅಕುತಿಸ್, 2006ರಲ್ಲಿ ಹದಿನೈದರ ಹರೆಯದಲ್ಲೇ ತೀರಿಕೊಂಡರು. 2025ರ ಸೆಪ್ಟೆಂಬರ್ 7ರಂದು ಅವರು ಸಂತರೆಂದು ಘೋಷಿತರಾದರು. ಪ್ರತಿದಿನದ ಬಲಿಪೂಜೆ ಮೊದಲು, ಗಣಕಯಂತ್ರ ಆಮೇಲೆ ಎಂಬುದು ಅವರ ಬಾಳಿನ ಕ್ರಮವಾಗಿತ್ತು.

ಹಾಗಾದರೆ ಹಳೆಯ ಪತ್ರಗಳಿಂದ ನಾವೇನು ಕಲಿಯೋಣ? ಧರ್ಮಕೇಂದ್ರದ ಸುದ್ದಿ, ಸೇವಾಸಂಘದ ಕೆಲಸ, ಮನೆಯ ಸಣ್ಣ ವ್ಯಾಪಾರ, ಯಾವುದನ್ನೇ ನಾಲ್ಕು ಜನಕ್ಕೆ ತಿಳಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಕೂರ್ದೂ ಅವರಂತೆ ನಾಲ್ಕು ಕಡೆ ವಿಚಾರಿಸಿ ಬರೆದಿದ್ದೇವೆಯೇ? ಯಾರ ಕಷ್ಟವನ್ನು, ಯಾರ ಮುಖವನ್ನು ಲೋಕಕ್ಕೆ ತೋರಿಸುತ್ತಿದ್ದೇವೋ ಅವರನ್ನು ಒಂದು ಮಾತು ಕೇಳಿದ್ದೇವೆಯೇ? ಅದನ್ನು ಅವರೇ ಓದಿದರೆ ತಲೆಯೆತ್ತಿ ನಿಲ್ಲಬಲ್ಲರೇ? ಅಕ್ಕಿ ಪಡೆದ ವಿಧವೆಯ ಚಿತ್ರ ನೂರು ಮೊಬೈಲುಗಳಿಗೆ ಹೋದರೆ ಕಾಣಿಕೆ ಹೆಚ್ಚೀತು. ಆದರೆ ಆ ತಾಯಿ ಮುಂದಿನ ಭಾನುವಾರ ದೇವಾಲಯಕ್ಕೆ ಬರಲು ಸಂಕೋಚಪಟ್ಟರೆ ನಮ್ಮ ಸೇವೆ ಬೆಳೆಯಿತೆನ್ನುವುದು ಹೇಗೆ? ಎಡಗೈಗೆ ಬಲಗೈಯ ದಾನ ತಿಳಿಯದಿರಲಿ ಎಂದ ಪ್ರಭುವಿನ ಬೋಧನೆ ಮೊಬೈಲಿಗೂ ಸಲ್ಲುತ್ತದೆ.

ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆಯನ್ನು ಬಲ್ಲವರಿಗೆ ಒಂದು ಮಾತು ಗೊತ್ತು. ಮಾರುವವನು ಎಷ್ಟೇ ಬಣ್ಣಿಸಿದರೂ ನೂಲು ತೆಗೆಯುವ ರೀಲರು ಗೂಡನ್ನು ಕೈಗೆತ್ತಿಕೊಂಡು ನೋಡುತ್ತಾನೆ. ಒಳಗೆ ನೂಲಿದ್ದರೆ ಮಾತ್ರ ಗೂಡಿಗೆ ಬೆಲೆ. ನಮ್ಮ ಬರಹವನ್ನು ಓದಿ ಯಾರಾದರೂ ನಮ್ಮ ಧರ್ಮಕೇಂದ್ರವನ್ನು ಹುಡುಕಿಕೊಂಡು ಬಂದರೆ, ಅಲ್ಲಿ ಅವರಿಗೆ ಒಂದು ಲೋಟ ನೀರು, ಕೂರಲು ಜಾಗ, ಕೇಳುವ ಕಿವಿ ಸಿಗಬೇಕು. ಸಿಕ್ಕಿದರೆ ಬರೆದದ್ದು ಸಾರ್ಥಕ.

ಬಳ್ಳಾಪುರದ ಸೀಮೆಯಲ್ಲಿ ನಡೆದಾಡಿ ಬರೆದ ಆ ಗುರುಗಳಿಗಾಗಿ, ಏನನ್ನೂ ಬರೆಯದೆ ವಿಶ್ವಾಸವನ್ನು ನಮಗೆ ದಾಟಿಸಿದ ಹಿರಿಯರಿಗಾಗಿ ಈ ಹಬ್ಬದ ದಿನ ದೇವರಿಗೆ ವಂದನೆ ಸಲ್ಲಿಸೋಣ. ನಮ್ಮ ಬೆರಳುಗಳು ಬರೆಯುವುದನ್ನು ನಮ್ಮ ಬದುಕು ಸುಳ್ಳಾಗಿಸದಂತೆ, ಪತ್ರಿಕೋದ್ಯಮಿಗಳ ಪಾಲಕರಾದ ಸಂತ ಫ್ರಾನ್ಸಿಸ್ ದ ಸಾಲೆಸರು ನಮಗಾಗಿ ಪ್ರಾರ್ಥಿಸಲಿ.