ಕಾಲ ತೆಳಗಿನ ಹಾಸು

ಮನಿಗೆ ಒಂದು ಜೀವ ತಂದ್ವಿ ಅಂದ್ರ ಅದಕ್ಕ ಏನು ತಿನ್ನಾಕ ಕೊಡಬೇಕು ಅಂತ ಎಲ್ಲರೂ ಕೇಳ್ತಾರ. ಅದರ ಕಾಲ ತೆಳಗ ಏನು ಹಾಸಬೇಕು ಅಂತ ಕೇಳೋರು ಕಡಿಮಿ. ಆದ್ರ ನಮ್ಮ ಸೀಮಿ ಹೆಣ್ಣುಮಕ್ಕಳ ಅರ್ಧ ಆಯುಷ್ಯ ಈ ಎರಡನೇ ಕೆಲಸದಾಗೇ ಕಳದೈತಿ. ದನಕ್ಕ ಸೊಪ್ಪು, ಎಳೆಗರುವಿಗೆ ಒಣಹುಲ್ಲು, ಕಾವಿಗೆ ಕುಂತ ಕೋಳಿಗೆ ಬುಟ್ಟಿಯಾಗ ಬೂದಿ ಮತ್ತ ಹುಲ್ಲು, ಬಾಣಂತಿಗೆ ಕೌದಿ. ಹಾಸೋದು, ಬಳಿಯೋದು, ಮತ್ತ ಹಾಸೋದು. ಇದಕ್ಕೂ ಒಂದು ಚರಿತ್ರೆ ಐತಿ, ಇವತ್ತು ಅದನ್ನ ಬರೀತೀನಿ.

ಈ ವಿಚಾರ ಎತ್ತಾಕ ಕಾರಣ ನಮ್ಮ ತಂಗಿ ಮೊಮ್ಮಗಳು. ಸಿಡ್ನಿಯಾಗ ಇರೋ ಆ ಹುಡುಗಿ ಮನಿಯಾಗ ಒಂದು ಓತಿಕ್ಯಾತ ಸಾಕ್ಯಾಳ. ಹೌದ್ರಿ, ಓತಿಕ್ಯಾತನ! ನಮ್ಮ ಬೇಲಿ ಮ್ಯಾಲೆ ತಲಿ ಅಲ್ಲಾಡಿಸ್ತಾ ಕೂರ್ತದಲ್ಲ, ಅದರ ದೊಡ್ಡಪ್ಪನಂಗ ಇರ್ತದ. ಬಾಲ ಸೇರಿ ಒಂದೂವರಿ ಎರಡು ಅಡಿ ಉದ್ದ, ಗದ್ದದ ತೆಳಗ ಮುಳ್ಳು ಮುಳ್ಳು ಚರ್ಮ. ಸಿಟ್ಟು ಬಂದ್ರ ಅದನ್ನ ಉಬ್ಬಿಸಿ ಕಪ್ಪು ಮಾಡ್ತದ, ಆಗ ಗಡ್ಡ ಬಿಟ್ಟ ಮುದುಕನಂಗ ಕಾಣ್ತದ. ಅದಕ್ಕ ಇಂಗ್ಲೀಷಿನಾಗ ಬಿಯರ್ಡೆಡ್ ಡ್ರ್ಯಾಗನ್ ಅಂತಾರ. ಅಲ್ಲಿ ಲೈಸೆನ್ಸು ಮಾಡಿಸಿ ಸಾಕಬೇಕು, ಮಾಡಿಸ್ಯಾರ. (ನಮ್ಮಲ್ಲಿ ಹುಡುಗ್ರು ಇದನ್ನ ನೋಡಿ ಉಡ ಹಿಡಕೊಂಡು ಬಂದಾರು, ಬ್ಯಾಡ್ರಿ. 1972ರ ವನ್ಯಜೀವಿ ಕಾಯ್ದೆಯಾಗ ಉಡ ಮೊದಲನೇ ಪಟ್ಟಿಯಾಗ ಐತಿ, ಹಿಡಿದ್ರ ಜೈಲು.) ಅದಕ್ಕ ಗಾಜಿನ ಪೆಟ್ಟಿಗಿಯಾಗ ಏನು ಹಾಸಬೇಕು ಅನ್ನೋದೇ ಅವರ ಮನಿಯಾಗ ದೊಡ್ಡ ಚರ್ಚೆ ಆಗಿತ್ತು. ಕೇಳಿದೋರೆಲ್ಲ ನಕ್ಕರು. ನನಗ ಮಾತ್ರ ತವರುಮನಿ ಕೊಟ್ಟಿಗಿ ಕಣ್ಣಿಗೆ ಕಟ್ಟಿದಂಗ ಆತು.

ಬಳ್ಳಿಗಾವಿ ಚರಿತ್ರೆ ಅಂದ್ರ ಎಲ್ಲರೂ ಕೇದಾರೇಶ್ವರ ಗುಡಿ ಹೇಳ್ತಾರ, 1047ರಾಗ ನಿಲ್ಲಿಸಿದ ಗಂಡಭೇರುಂಡ ಕಂಬ ಹೇಳ್ತಾರ. 1162ರ ಶಾಸನದಾಗ ಬರೋ ಕೋಡಿಮಠದ ಹೆಸರು ಹೇಳ್ತಾರ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡ್ತಿದ್ದ ಮಠ ಅದು. ಎಲ್ಲಾ ಖರೇ. ಆದ್ರ ಅಷ್ಟು ಮಂದಿಗೆ ಅನ್ನ ಆಗಬೇಕಂದ್ರ ಗದ್ದಿಗೆ ಗೊಬ್ಬರ ಬೇಕು. ಗೊಬ್ಬರ ಆಗಬೇಕಂದ್ರ ಕೊಟ್ಟಿಗಿಗೆ ಹಾಸು ಬೇಕು. ದಾನ ಕೊಟ್ಟ ಅರಸರ ಹೆಸರು ಕಲ್ಲಿನ ಮ್ಯಾಲೆ ಉಳಿದಾವು. ಸೊಪ್ಪಿನ ಹೊರಿ ಹೊತ್ತೋರ ಹೆಸರು ಹುಡುಕಾಕ ಹೋಗಬ್ಯಾಡ್ರಿ.

ನಮ್ಮ ತವರು ಸೊರಬದ ಕಡಿ, ಅಡಕಿ ತೋಟದ ಸೀಮಿ. ಅಲ್ಲಿ ಮಳಗಾಲದಾಗ ಹಸಿ ಸೊಪ್ಪು, ಬ್ಯಾಸಗಿಯಾಗ ದರಕು. ದರಕು ಅಂದ್ರ ಉದುರಿದ ಒಣ ಎಲಿ, ಗೊತ್ತಿಲ್ಲದ ಸೊಸೆಂದಿರಿಗೆ ಹೇಳ್ತೀನಿ. ಬಯಲಿನ ಕಡಿ ಮಂದಿ ದನ ತಿಂದು ಬಿಟ್ಟ ಹುಲ್ಲು, ಸೊಪ್ಪಿಯ ದಂಟು ಇದನ್ನೇ ಹಾಸ್ತಿದ್ರು. ಮಳಗಾಲದಾಗ ದಿನಾ ಹಾಸಬೇಕು, ಇಲ್ಲಂದ್ರ ಸಗಣಿ ಗಂಜಳದಾಗ ನಿಂತು ನಿಂತು ದನದ ಗೊರಸು ಮೆತ್ತಗಾಗಿ ಹುಣ್ಣು ಬೀಳ್ತದ. ಮುಳ್ಳಿನ ಸೊಪ್ಪು ತರಂಗಿಲ್ಲ, ಮಲಗಿದಾಗ ಕೆಚ್ಚಲಿಗೆ ಚುಚ್ಚತದ. ದಪ್ಪ ಕೊಂಬಿ ಇದ್ರ ಮುರದು ತೆಗೀಬೇಕು. ದನ ಹಾಸನ್ನೂ ಬಾಯಿಗೆ ಹಾಕ್ತದ, ಅದಕ್ಕ ನಂಜಿನ ಸೊಪ್ಪು ಬೆರಕಿ ಆಗಬಾರದು. ನಮ್ಮಜ್ಜಿ ಹೊಸದಾಗಿ ಹಾಸಿದ ಮ್ಯಾಲೆ ತಾನೇ ಬರಿಗಾಲಾಗ ಒಂದು ಸುತ್ತು ನಡದು ನೋಡ್ತಿದ್ಲು. "ನನ್ನ ಕಾಲಿಗೆ ಹಿತ ಆಗದ್ದು ಅದರ ಕಾಲಿಗೆ ಹೆಂಗ ಹಿತ ಆಗ್ತೈತಿ" ಅನ್ನಾಕಿ.

ಈ ಪದ್ಧತಿ ಎಷ್ಟು ಹಳೇದು ಅಂದ್ರ, ಟಿಪ್ಪು ಸುಲ್ತಾನ ತೀರಿಕೊಂಡ ಮ್ಯಾಲೆ ಕಂಪನಿಯವರು ಕಳಿಸಿದ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರು 1801ರಾಗ ಇಕ್ಕೇರಿ, ಬನವಾಸಿ, ಶಿರಸಿ ಸೀಮಿ ತಿರುಗಿ, ಇಲ್ಲಿನೋರು ದನದ ತೆಳಗ ಸೊಪ್ಪು ಹಾಸಿ ತೋಟಕ್ಕ ಗೊಬ್ಬರ ಮಾಡೋದನ್ನ ಬರಕೊಂಡು ಹೋಗ್ಯಾರ. ಅಂದ್ರ ಆಗಲೇ ಅದು ನೂರಾರು ವರ್ಷದ ರೂಢಿ ಇರಬೇಕು.

ಸೊಪ್ಪು ಬೇಕಂದ್ರ ಕಾಡು ಬೇಕಲ್ಲ. 1868ರಾಗ ಡೀಟ್ರಿಕ್ ಬ್ರಾಂಡಿಸ್ ಅನ್ನೋ ದೊಡ್ಡ ಅರಣ್ಯ ಅಧಿಕಾರಿ ಮತ್ತ ಗ್ರಾಂಟ್ ಅನ್ನೋರು ಸೊರಬ ತಾಲೂಕಿನ ಕಾನುಗಳ ಮ್ಯಾಲೆ ಒಂದು ವರದಿ ಬರದ್ರು. ಒಂದೇ ತಾಲೂಕಿನಾಗ 171 ಕಾನು, ಸುಮಾರು 32 ಸಾವಿರ ಎಕರೆ ಲೆಕ್ಕಕ್ಕ ಸಿಕ್ಕಿತ್ತು. ಕಾನು ಅಂದ್ರ ಬರೀ ಕಾಡಲ್ಲ, ಊರ ಮಂದಿ ಕಾದುಕೊಂಡು ಬಂದ ಹಸಿರು ಕಾಡು. ಅಲ್ಲಿ ಕಾಳುಮೆಣಸು, ಬೈನಿ, ನೀರಿನ ಒರತಿ, ದೇವರು, ಎಲ್ಲಾ ಇರ್ತಿದ್ವು. ಆಮ್ಯಾಲೆ ಸರಕಾರ ಅರಣ್ಯಕ್ಕ ಗಡಿ ಹಾಕಿತು. ತೋಟದೋರಿಗೆ ಸೊಪ್ಪು ಕಡಿಯಾಕ ಬೇರೆ ಜಾಗ ಗುರುತಾತು, ಅದೇ ಸೊಪ್ಪಿನ ಬೆಟ್ಟ. ಜಮೀನು ಸರಕಾರದ್ದು, ಸೊಪ್ಪಿನ ಹಕ್ಕು ತೋಟದೋರದ್ದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಾಗ ಹಳೆ ಮೈಸೂರಿನ ಕಾನು ಮತ್ತ ಸೊಪ್ಪಿನ ಬೆಟ್ಟದ ಸವಲತ್ತು ಮುಂದುವರೀತಾವು ಅಂತ ಬರದಾರ. ನೋಡ್ರಿ, ದನದ ಕಾಲ ತೆಳಗಿನ ಎಲಿ ವಿಧಾನಸೌಧದ ಕಾನೂನು ಪುಸ್ತಕದ ತನಕ ಹೋಗೇತಿ!

ಆದ್ರ ಹಕ್ಕು ಇದ್ದೋರಿಗೆ ಬೆಟ್ಟ, ಇಲ್ಲದೋರಿಗೆ ಬೈಗುಳ. ತೋಟ ಇಲ್ಲದ ಬಡವರಿಗೆ ಸೊಪ್ಪಿನ ಬೆಟ್ಟ ಇರಲಿಲ್ಲ. ಅವರ ಮನಿ ಹೆಣ್ಣುಮಕ್ಕಳು ಕತ್ತಲ ಹರಿಯೋ ಮುಂಚೆ ಕಾಡಿಗೆ ಹೋಗಿ ದರಕು ಗುಡಿಸಿ ತರ್ತಿದ್ರು. ಗಾರ್ಡು ಬಂದ್ರ ಬುಟ್ಟಿ ಬಿಟ್ಟು ಓಡಬೇಕಿತ್ತು. ಬೆಟ್ಟ ಇದ್ದೋರಾಗೂ ಕೆಲವರು ಮರದ ತುದಿ ಸಹಿತ ಬೋಳಿಸಿ ಬಿಟ್ರು, ಮರ ಒಣಗಿ ಬೆಟ್ಟ ಬರೀ ಗುಡ್ಡ ಆತು. ತುದಿ ಬಿಟ್ಟು ಕಡಿದೋರ ಬೆಟ್ಟ ಇವತ್ತಿಗೂ ಹಸಿರು ಐತಿ.

ನಾನು ಮದುವಿ ಆಗಿ ಬಳ್ಳಿಗಾವಿಗೆ ಬಂದ ಮ್ಯಾಲೆ ಕೊಟ್ಟಿಗಿಗೆ ಸಿಮೆಂಟು ಬಂತು. ಬಳಿಯಾಕ ಸಲೀಸು, ನಾವೆಲ್ಲ ಖುಷಿ ಪಟ್ವಿ. ನೀರು ಹಾಕಿ ಕಸಬರಿಗಿ ಆಡಿಸಿದ್ರ ಮುಗೀತು, ಸೊಂಟಕ್ಕ ಆರಾಮ. ದನಕ್ಕ ಆರಾಮ ಆಗಲಿಲ್ಲ. ನುಣುಪು ನೆಲದ ಮ್ಯಾಲೆ ಗಂಜಳ ಬಿದ್ರ ಗಬ್ಬದ ಆಕಳು ಜಾರಿ ಬೀಳ್ತಾವು. ಮಲಗಿ ಏಳೋದ್ರಾಗ ಮೊಣಕಾಲು ಕೆತ್ತಿ ಹೋಗ್ತಾವು. ಆಮ್ಯಾಲೆ ಸಿಮೆಂಟಿಗೆ ಗೀರು ಹಾಕೋದು ಕಲಿತ್ರು, ಈಗ ರಬ್ಬರ್ ಮ್ಯಾಟು ಹಾಸ್ತಾರ. ಸೊಪ್ಪು ಹೋತು, ಸೊಪ್ಪಿನ ಗೊಬ್ಬರನೂ ಹೋತು.

ಈಗ ಓತಿಕ್ಯಾತನ ಕಥಿಗೆ ಬರ್ತೀನಿ. ಈ ಗಡ್ಡದ ಓತಿಕ್ಯಾತ ಆಸ್ಟ್ರೇಲಿಯಾದ ಒಳನಾಡಿನ ಒಣ ಸೀಮಿ ಪ್ರಾಣಿ. ಮನಿಯಾಗ ಸಾಕೋ ಜಾತಿಗೆ 1926ರಾಗ ಎರ್ನ್ಸ್ಟ್ ಆಲ್ ಅನ್ನೋ ಜರ್ಮನಿ ವಿಜ್ಞಾನಿ ಶಾಸ್ತ್ರದ ಹೆಸರು ಇಟ್ರು. 1960ರ ದಶಕದಿಂದ ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳನ್ನ ವ್ಯಾಪಾರಕ್ಕ ಹೊರಗ ಕಳಿಸೋದು ನಿಲ್ಲಿಸಿತು. ಆದರೂ ಹೆಂಗೋ ಹೊರಗ ಹೋದ ಕೆಲವಕ್ಕ ಮರಿ ಮಾಡಿಸಿ ಮಾಡಿಸಿ, ಯುರೋಪು ಅಮೆರಿಕದ ಮನಿಮನಿಗೆ ಅವು ಹರಡಿದ್ವು.

ಅಂಗಡಿಯೋರು ಏನು ಮಾಡಿದ್ರು? ಇದು ಮರುಭೂಮಿ ಪ್ರಾಣಿ, ಮರಳು ಹಾಸ್ರಿ ಅಂತ ಬಣ್ಣಬಣ್ಣದ ಮರಳು ಚೀಲ ಕಟ್ಟಿ ಮಾರಿದ್ರು. ನಮ್ಮ ಹುಡುಗಿಗೂ ಒಂದು ಅಂಗಡಿಯಾಗ ಹಂಗೇ ಕೆಂಪು ಮರಳು ಕೊಟ್ಟು ಕಳಿಸಿದ್ರು. ಆದ್ರ ಆ ಪ್ರಾಣಿ ಇರೋ ನಾಡು ಬರೀ ಸಡಿಲ ಮರಳಲ್ಲ. ಬಿಸಿಲಿಗೆ ಗಟ್ಟಿ ಆದ ಕೆಂಪು ಮಣ್ಣು, ಕುರುಚಲು ಗಿಡ, ಬಿದ್ದ ದಿಮ್ಮಿ, ಕಲ್ಲು. ಹೆಚ್ಚು ಕಡಿಮಿ ನಮ್ಮ ಶಿಕಾರಿಪುರ ಕಡಿ ಬ್ಯಾಸಗಿ ಹೊಲದಂಗ ಅಂದಕೊಳ್ರಿ. ಸಡಿಲ ಮರಳಿನಾಗ ಹುಳ ಹಿಡಿಯಾಕ ಹೋದಾಗ ನಾಲಿಗಿಗೆ ಮರಳು ಅಂಟಿ ಹೊಟ್ಟಿಗೆ ಹೋಗ್ತದ. ದೊಡ್ಡದು, ಆರೋಗ್ಯ ಇದ್ದದ್ದು ಸ್ವಲ್ಪ ಹೋದ್ರ ಹೊರಗ ಹಾಕ್ತದ. ಮರಿ ಇದ್ರ, ಮೈಯಾಗ ನೀರು ಇಲ್ಲದಿದ್ರ, ಸುಣ್ಣದಂಶ ಕಡಿಮಿ ಆಗಿದ್ರ, ಪೆಟ್ಟಿಗಿ ಬೆಚ್ಚಗ ಇರದಿದ್ರ ಮರಳು ಕರುಳಿನಾಗ ಗಟ್ಟಿ ಆಗಿ ಜೀವಕ್ಕ ಕುತ್ತು. ಅಕ್ರೋಟ ಸಿಪ್ಪಿ ಪುಡಿ, ಮರದ ಚಕ್ಕಿ ಸಹಿತ ಹಂಗೇ. ಸುಣ್ಣದ ಮರಳು, ತಿಂದ್ರೂ ಕರಗ್ತದ ಅಂತ ಮಾರೋದು ಹಸಿ ಆದ್ರ ಮುದ್ದಿ ಕಟ್ಟತದ.

ಡಾಕ್ಟರು ಹೇಳಿದ್ದು ಬಾಳ ಸರಳ. ಮರಿಗೆ, ರೋಗದ ಪ್ರಾಣಿಗೆ, ಹೊಸದಾಗಿ ತಂದದ್ದಕ್ಕ ಪೇಪರು ಹಾಸ್ರಿ. ಹಳೆ ನ್ಯೂಸ್ ಪೇಪರು ಆದೀತು, ಅಡಿಗಿಮನಿ ಟಿಶ್ಯೂ ಆದೀತು. ಹೇಲು ಹೆಂಗ ಐತಿ ಅಂತ ಕಾಣ್ತದ, ದಿನಾ ತೆಗೆದು ಬಿಸಾಕಬಹುದು. ದೊಡ್ಡದಾದ ಮ್ಯಾಲೆ ಒರಟು ಟೈಲ್ಸು ಇಲ್ಲಾ ಹಾಸುಗಲ್ಲು. ನುಣುಪು ಟೈಲ್ಸು ಬ್ಯಾಡ, ಜಾರ್ತದ, ಉಗುರು ಸವಿಯಂಗಿಲ್ಲ. (ಸಿಮೆಂಟಿನ ಮ್ಯಾಲೆ ಜಾರಿದ ನಮ್ಮ ಆಕಳು ನೆನಪಾತಲ್ಲ?) ಅನುಭವ ಇದ್ದೋರು ಮಣ್ಣಿಗೆ ಅರ್ಧಕ್ಕಿಂತ ಕಡಿಮಿ ಮರಳು ಬೆರಸಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ ಒಣಗಿಸ್ತಾರ. ಕಣ ಮಾಡಿದ ಕೈಗೆ ಇದನ್ನ ಬಿಡಿಸಿ ಹೇಳಬೇಕೇನ್ರಿ? ಹಾಸು ಯಾವುದೇ ಇರಲಿ, ಬಿಸಿ ಮ್ಯಾಲಿನ ದೀಪದಿಂದ ಬರಬೇಕು, ಮೈ ಕಾಯಿಸಿಕೊಳ್ಳೋ ಜಾಗ 40 ಡಿಗ್ರಿ ಆಸುಪಾಸು ಇರಬೇಕು, ಇನ್ನೊಂದು ತುದಿ ತಂಪು ಇರಬೇಕು. ಮುಟ್ಟಿದ ಮ್ಯಾಲೆ ಸೋಪು ಹಚ್ಚಿ ಕೈ ತೊಳೀಬೇಕು, ಹಲ್ಲಿ ಜಾತಿಯಿಂದ ಮಕ್ಕಳಿಗೆ ಹೊಟ್ಟಿ ಕೆಡಿಸೋ ಸಾಲ್ಮೊನೆಲ್ಲಾ ಬರಬಹುದು.

ಮರಳು ತೆಗೆದು ಪೇಪರು ಹಾಸಿದ್ರು, ಎಲ್ಲಾ ಚಂದ ಇತ್ತು. ಹೋದ ವರ್ಷ ಒಮ್ಮೆಲೇ ಅದು ಊಟ ಬಿಟ್ಟಿತು. ಹಗಲೆಲ್ಲ ಮೂಲಿಯಾಗ ಪೇಪರು ಕೆರೆಯೋದು, ಗಾಜು ಕೆರೆಯೋದು. ಹುಡುಗಿ ಫೋನಿನಾಗ ತೋರಿಸಿ ಅತ್ತಳು. ನನ್ನ ತಂಗಿ ನೋಡಿದಾಕಿನೇ, "ಇದು ಹೆಣ್ಣೇನು? ಕೋಳಿ ಮೊಟ್ಟಿಗೆ ಜಾಗ ಹುಡುಕಿದಂಗ ಮಾಡ್ತೈತಲ್ಲ" ಅಂದಳು. ಗಂಡು ಇಲ್ಲದೇ ಹೆಂಗ ಅಂತ ಅವರಿಗೆ ನಂಬಿಕಿ ಇಲ್ಲ. ಡಾಕ್ಟರ ಹತ್ರ ಹೋದ್ರ ಖರೇನೇ ಹೊಟ್ಟಿ ತುಂಬ ತತ್ತಿ! ಕೋಳಿ ಹುಂಜ ಇಲ್ಲದೇ ಇಡಂಗಿಲ್ಲೇನು, ಹಂಗೇ ಇದೂ ಇಡ್ತದ, ಮರಿ ಆಗಂಗಿಲ್ಲ ಅಷ್ಟೇ. ಅಗೆಯಾಕ ಮಣ್ಣು ಸಿಗದಿದ್ರ ತತ್ತಿ ಒಳಗೇ ತಡದು ತಾಯಿ ಸತ್ತೇ ಹೋಗಬಹುದು. ಒಂದು ಆಳದ ಡಬ್ಬಿಯಾಗ ಗೇಣುದ್ದಕ್ಕಿಂತ ಹೆಚ್ಚು ಹಸಿ ಮಣ್ಣು ಮರಳು ತುಂಬಿಸಿ ಇಟ್ಟರು, ಅಗೆದ್ರ ಕುಸೀಬಾರದು ಅಷ್ಟು ತೇವ. ಅದು ರಾತ್ರಿತನಕ ಅಗದು, 19 ತತ್ತಿ ಇಟ್ಟು, ತಾನೇ ಮಣ್ಣು ಮುಚ್ಚಿ, ಮುಖದಿಂದ ಒತ್ತಿ ಒತ್ತಿ ಗಟ್ಟಿ ಮಾಡಿ ಬಂತಂತ. ಆಮ್ಯಾಲೆ ನೀರು ಕುಡದು ಎರಡು ದಿನ ಮಲಗಿತಂತ. ಬಾಣಂತಿ ಅಲ್ಲೇನ್ರಿ ಅದೂ.

ಇದರಾಗ ನನಗ ತಿಳಿದದ್ದು ಇಷ್ಟು. ಒಳ್ಳೆ ಹಾಸು, ಕೆಟ್ಟ ಹಾಸು ಅಂತ ಒಂದೇ ಇರಂಗಿಲ್ಲ. ಮರಿಗೆ ಬ್ಯಾಡಾದ ಮಣ್ಣು ಬಸುರಿಗೆ ಬೇಕಾಗ್ತದ. ಮಳಗಾಲದ ಸೊಪ್ಪು ಬ್ಯಾಸಗಿಗೆ ಬ್ಯಾಡ. ಚೀಲದ ಮ್ಯಾಲೆ ಬರದದ್ದು ನೋಡಿ ಹಾಸೋದಲ್ಲ, ಪ್ರಾಣಿ ಎಲ್ಲಿಂದ ಬಂತು, ಅದರ ವಯಸ್ಸೇನು, ಬಾಯಿಗೆ ಏನು ಹೋಗ್ತದ, ಈಗ ಅದರ ಮೈಯಾಗ ಏನು ನಡದೈತಿ, ಇಷ್ಟು ನೋಡಿ ಹಾಸಬೇಕು. ಇದನ್ನ ಓದು ಬರಹ ಇಲ್ಲದ ನಮ್ಮ ಅಜ್ಜಿಯರು ಬರಿಗಾಲಾಗ ನಡದೇ ಕಲತಿದ್ರು.

ಈಗ ನಮ್ಮ ಸೀಮಿಯಾಗ ಕೊಟ್ಟಿಗಿಗಳು ಕಾರ್ ಶೆಡ್ ಆಗ್ಯಾವು, ಬೆಟ್ಟದಾಗ ಅಕೇಶಿಯಾ ನಿಂತೈತಿ. ಯಾವ ಸೊಪ್ಪು ಕೆಚ್ಚಲಿಗೆ ಹಿತ, ಯಾವುದು ಬೇಗ ಕೊಳೀತದ ಅಂತ ಹೇಳೋರು ಊರಿಗೆ ಒಬ್ಬರೋ ಇಬ್ಬರೋ ಉಳದಾರ. ನಿಮ್ಮ ಮನಿಯಾಗ ಅಂಥ ಅತ್ತಿ, ದೊಡ್ಡವ್ವ ಇದ್ರ ಈ ವಾರನೇ ಕೂತು ಕೇಳ್ರಿ. ಕೇಳಿದ್ದನ್ನ ಬರದು ಇಡ್ರಿ, ಸೊಪ್ಪಿನ ಹೆಸರು ಸಹಿತ.